ಹಪ್ಪಳದ ಕಲ್ಲಚ್ಚು

ಹಪ್ಪಳವನ್ನು ತಿನ್ನುವ ಮೊದಲು ಒಮ್ಮೆ ಓದಿ ನೋಡುವ ಅಭ್ಯಾಸ ನನಗಿದೆ. ನೀವು ನಗುತ್ತೀರಿ, ನಗಿ. ನನ್ನ ಹೆಂಡತಿಯಂತೂ ನಕ್ಕು ನಕ್ಕು ಸಾಕಾಗಿ ಈಗ ಸುಮ್ಮನಾಗಿದ್ದಾಳೆ. ನಿನ್ನೆ ಯಲ್ಲಾಪುರದ ಅಂಗಡಿಯಿಂದ ತಂದ ಪ್ಯಾಕೆಟ್ಟು ಒಡೆದು ಹಪ್ಪಳ ಕರಿದು ಬಡಿಸಿದಳು. ನಾನು ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಮಗುಚಿ, ಇನ್ನೊಂದು ಮಗ್ಗುಲನ್ನೂ ನೋಡಿದೆ.

"ಎಂತ ಬರದ್ದು?" ಎಂದು ಕೇಳಿದಳು.

"ಎಂತೂ ಇಲ್ಲೆ."

"ಹಂಗಾರೆ ತಿನ್ನಿ."

ಹಪ್ಪಳದ ಮೇಲೆ ಏನೂ ಇರಲಿಲ್ಲ ನಿಜ, ಪ್ಯಾಕೆಟ್ಟಿನ ಮೇಲೆ ಮಾತ್ರ ಒಂದು ಪುರಾಣವೇ ಇತ್ತು. ಸಾಂಪ್ರದಾಯಿಕವಂತೆ, ಪಾರಂಪರಿಕವಂತೆ, ಅಜ್ಜಿಯ ಕೈರುಚಿಯಂತೆ. ಯಾರ ಅಜ್ಜಿ ಎಂದು ಬರೆದಿರಲಿಲ್ಲ. ಈ ಪರಂಪರೆ ಎಂಬ ಮಾತು ಕಣ್ಣಿಗೆ ಬಿದ್ದರೆ ನಾನು ಪ್ಯಾಕೆಟ್ಟನ್ನೇ ಮಗುಚಿಡುತ್ತೇನೆ. ನಾನೂ ಒಂದು ಕಾಲದಲ್ಲಿ ಪರಂಪರೆಯನ್ನು ಉಳಿಸಲು ಹೊರಟಿದ್ದವನೇ. ಉಳಿಸಿದೆವು ಕೂಡ. ಅದರ ಕತೆಯೇ ಇದು.

ಸಿದ್ದಾಪುರದ ಗೋದತ್ತೆ ನನ್ನ ಅಪ್ಪನ ತಂಗಿ. ಅವಳ ಗಂಡ ಮಾಬ್ಲ ಮಾವನಿಗೆ ಪೇಟೆಯಲ್ಲಿ ಸಣ್ಣದೊಂದು ಪ್ರೆಸ್ಸಿತ್ತು, ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುವ ಹಳೆಯ ನಮೂನೆಯದು. ಸುತ್ತಲಿನ ಮದುವೆ, ಉಪನಯನ, ತಾಳಮದ್ದಲೆಗಳ ಕರೆಯೋಲೆಗಳೆಲ್ಲ ಅಲ್ಲಿಯೇ ಆಗಬೇಕು. ಮಾವ ಅಚ್ಚು ಹಾಕಿದ ಕರೆಯೋಲೆಯಲ್ಲಿ ವರನ ಹೆಸರು ಸರಿಯಿದ್ದರೆ ವಧುವಿನ ಊರು ತಪ್ಪಿರುತ್ತಿತ್ತು. ಯಾರೂ ಬೇಜಾರು ಮಾಡಿಕೊಂಡವರಲ್ಲ. ನಮ್ಮ ಕಡೆಯ ನೆಂಟರು ಕರೆಯೋಲೆ ನೋಡಿ ಊಟಕ್ಕೆ ಹೋಗುವವರಲ್ಲ, ಊಟ ಎಲ್ಲಿದೆ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ.

ತೊಂಬತ್ತರ ದಶಕ ಬಂದದ್ದೇ ಹುಬ್ಬಳ್ಳಿಯಿಂದ ಬಣ್ಣಬಣ್ಣದ ಆಫ್‌ಸೆಟ್ ಕಾರ್ಡುಗಳು ಬಂದವು. ಗಣಪತಿಯ ಹೊಟ್ಟೆಗೆ ಬಂಗಾರದ ಬಣ್ಣ, ತೆರೆದರೆ ಗಂಧದ ವಾಸನೆ. ಮಾವನ ಪ್ರೆಸ್ಸು ಮುಚ್ಚಿತು. ಮೊಳೆಗಳನ್ನು ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋದ. ಅವನಿಂದ ಎತ್ತಲಿಕ್ಕಾಗದೆ ಉಳಿದದ್ದು ಒಂದೇ, ಮಾವನ ಅಪ್ಪ ಯಾವುದೋ ಕಾಲದಲ್ಲಿ ಎತ್ತಿನ ಗಾಡಿಯ ಮೇಲೆ ತಂದ ಕಲ್ಲಚ್ಚಿನ ಯಂತ್ರ. ಅದನ್ನು ಹೇಗೋ ನಾಲ್ಕಾರು ಜನ ಸೇರಿ ಮಾವನ ಮನೆಯ ಜಗಲಿಗೆ ತಂದಿಟ್ಟರು.

ಕಲ್ಲಚ್ಚು ನೋಡದವರಿಗೆ ಒಂದು ಮಾತು. ಎಮ್ಮೆಯಷ್ಟು ಗಾತ್ರದ ಕಬ್ಬಿಣದ ಚೌಕಟ್ಟು, ಅದರ ನಡುವೆ ಹಿಂದೆ ಮುಂದೆ ಸರಿಯುವ ಹಾಸು, ಹಾಸಿನ ಮೇಲೆ ನುಣ್ಣಗಿನ ಚಪ್ಪಟೆ ಕಲ್ಲು. ಆ ಕಲ್ಲಿನ ಮೇಲೆ ಎಣ್ಣೆಮಸಿಯಲ್ಲಿ ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಮಸಿಯ ಉರುಳೆ ಹೊರಳಿಸಿದರೆ ಬರೆದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಕಾಗದ ಹಾಸಿ ಪಕ್ಕದ ಚಕ್ರ ತಿರುಗಿಸಿದರೆ ಕಲ್ಲು ಒಂದು ಭಾರದ ಪಟ್ಟಿಯ ಅಡಿಯಲ್ಲಿ ಹಾದು ಬರುತ್ತದೆ, ಕಾಗದದ ಮೇಲೆ ಅಕ್ಷರ ನೇರವಾಗಿ ಮೂಡುತ್ತದೆ. ಮುಂದಿನ ಕೆಲಸಕ್ಕೆ ಕಲ್ಲನ್ನು ಮರಳು ಹಾಕಿ ಉಜ್ಜಿ ಹಳೆಯದನ್ನು ಅಳಿಸಬೇಕು. ಇಷ್ಟೇ. ಇಷ್ಟನ್ನು ಹೇಳಲು ಮಾವ ಅರ್ಧ ದಿನ ತೆಗೆದುಕೊಳ್ಳುತ್ತಿದ್ದರು, ಹಾಗಾಗಿ ಅವರ ಮನೆಗೆ ಬಂದ ನೆಂಟರು ಜಗಲಿಯಲ್ಲಿ ಕೂರದೆ ಸೀದಾ ಅಡುಗೆಮನೆಗೇ ಹೋಗುತ್ತಿದ್ದರು.

ಯಂತ್ರದ ಮೇಲೆ ಮೊದಲು ಕೊಡೆಗಳು ಬಂದವು. ಆಮೇಲೆ ಹಳೆಯ ಪಂಚಾಂಗಗಳು. ಆಮೇಲೆ ಒಂದು ಬೆಕ್ಕು, ಆಮೇಲೆ ಅದರ ಮರಿಗಳು. ತುಕ್ಕು ಯಾರನ್ನೂ ಕೇಳದೆ ಬಂತು. ಮಾವ ದಿನಾ ಅದರ ಪಕ್ಕ ಕೂತು ಪೇಪರು ಓದುತ್ತ, ಅಪ್ಪನ ಯಂತ್ರಕ್ಕೆ ಬೆಲೆ ಕೊಡುವವರಿಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದರು. ಒಂದು ಬಟ್ಟೆ ತೆಗೆದುಕೊಂಡು ಒರೆಸಬಹುದಿತ್ತು. ಆದರೆ ನಿಟ್ಟುಸಿರಿಗೆ ಎದ್ದು ನಿಲ್ಲಬೇಕಾಗಿಲ್ಲ ನೋಡಿ.

ಬೆಲೆ ಕೊಟ್ಟವಳು ಗೋದತ್ತೆ. ಅವಳಿಗೆ ಯಂತ್ರಗಳ ಬಗ್ಗೆ ಗೌರವ ಇರಲಿಲ್ಲ, ಹಾಗಾಗಿ ಹೆದರಿಕೆಯೂ ಇರಲಿಲ್ಲ.

ಹಲಸಿನ ಹಪ್ಪಳ ಮಾಡುವ ಕಷ್ಟ ತಿನ್ನುವವರಿಗೆ ಗೊತ್ತಾಗುವುದಿಲ್ಲ. ಬೆಳೆದ ಕಾಯಿ ಕೊಯ್ದು, ಮೇಣದೊಡನೆ ಹೋರಾಡಿ, ತೊಳೆ ಬಿಡಿಸಿ, ಬೇಯಿಸಿ, ಒರಳಲ್ಲಿ ಕುಟ್ಟಿ, ಉಂಡೆ ಕಟ್ಟಿ, ಒಂದೊಂದನ್ನೇ ಮಣೆಯ ಮೇಲೆ ಒತ್ತಿ ತೆಳ್ಳಗೆ ಮಾಡಬೇಕು. ಕುಟ್ಟಿದ ಹಿಟ್ಟು ಕಾಯುವುದಿಲ್ಲ. ಬೆಳಿಗ್ಗೆ ಕುಟ್ಟಿದ್ದನ್ನು ಅಂದೇ ಒತ್ತದಿದ್ದರೆ ಹುಳಿ ಬರುತ್ತದೆ, ಅಷ್ಟೂ ಎಮ್ಮೆಯ ಪಾಲು. ಕೇರಿಯ ಹೆಂಗಸರು ಒಬ್ಬರ ಮನೆಗೊಬ್ಬರು ಮುಯ್ಯಾಳಾಗಿ ಹೋಗಿ ಒತ್ತುತ್ತಿದ್ದರು. ಒಂದು ವರ್ಷ ಪಕ್ಕದ ಮನೆಯ ಶಾರದಕ್ಕನ ಸೊಂಟ ಹಿಡಿದುಕೊಂಡು ಕೈಗಳು ಕಡಿಮೆಯಾದವು. ಅತ್ತೆ ಜಗಲಿಗೆ ಬಂದು ಬೆಕ್ಕಿನ ಸಂಸಾರವನ್ನು ಬುಟ್ಟಿಗೆ ವರ್ಗ ಮಾಡಿದಳು, ಯಂತ್ರದ ಗಾಲಿಗಳಿಗೆಲ್ಲ ಕೊಬ್ಬರಿ ಎಣ್ಣೆ ಬಿಟ್ಟಳು, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆಗಳನ್ನು ಸಾಲಾಗಿಟ್ಟು ಚಕ್ರ ತಿರುಗಿಸಿಯೇ ಬಿಟ್ಟಳು.

ಹಪ್ಪಳ ಬಂತು. ತೆಳ್ಳಗೆ ಬಂತು, ಆದರೆ ಉದ್ದಕ್ಕೆ ಬಂತು, ನಾಲಿಗೆಯ ಹಾಗೆ. ಯಂತ್ರ ಒಂದೇ ದಿಕ್ಕಿಗೆ ಎಳೆಯುತ್ತದಲ್ಲ. ಅತ್ತೆ ಎರಡು ದಿನ ಯೋಚಿಸಿ ಉಪಾಯ ಕಂಡುಹಿಡಿದಳು. ಒಮ್ಮೆ ಮೆಲ್ಲಗೆ ಒತ್ತಿ, ಹಾಳೆಯನ್ನು ಅಡ್ಡಕ್ಕೆ ತಿರುಗಿಸಿ, ಇನ್ನೊಮ್ಮೆ ಜೋರಾಗಿ ಒತ್ತುವುದು. ಗುಂಡು ಹಪ್ಪಳ, ಹುಣ್ಣಿಮೆ ಚಂದ್ರನಿಗೆ ಮುಖಭಂಗವಾಗಬೇಕು.

"ಅಪ್ಪನ ಯಂತ್ರದಲ್ಲಿ ಹಪ್ಪಳ ಒತ್ತದನೇ!" ಎಂದು ಮಾವ ಹೌಹಾರಿದರು.

"ಮಾವಯ್ಯಂಗೂ ಹಲಸಿನ ಹಪ್ಪಳ ಅಂದ್ರೆ ಜೀವ ಆಗಿತ್ತು. ಸ್ವರ್ಗದಲ್ಲಿ ಖುಷಿಯಾಗಿಕ್ಕು" ಎಂದಳು ಅತ್ತೆ, ತಿರುಗಿಸುವುದನ್ನು ನಿಲ್ಲಿಸದೆ.

ಮಾವ ಎರಡು ಹಪ್ಪಳ ಸುಟ್ಟು ತಿಂದು ಪ್ರತಿಭಟನೆಯನ್ನು ಮುಂದೂಡಿದರು. ಆ ಬೇಸಿಗೆಯಿಂದ ಜಗಲಿಯ ಚಹರೆಯೇ ಬದಲಾಯಿತು. ಕೇರಿಯ ಹೆಂಗಸರೆಲ್ಲ ಅಲ್ಲಿಗೇ ಹಿಟ್ಟು ತಂದರು. ಚಕ್ರ ತಿರುಗಿಸುತ್ತ ಮಾತು, ಮಾತಾಡುತ್ತ ಚಕ್ರ. ಮದುವೆಯಾಗಿ ಬಂದಂದಿನಿಂದ ಅತ್ತೆ ಸಿದ್ದಾಪುರದಲ್ಲಿ ಪ್ರೆಸ್ಸಿನ ಮನೆಯ ಸೊಸೆ, ಮಾಬ್ಲಣ್ಣನ ಹೆಂಡತಿ. ಈಗ ಅವಳು ಹಪ್ಪಳದ ಗೋದಕ್ಕ. ಊರು ಅವಳನ್ನು ಅವಳ ಹೆಸರಿನಲ್ಲಿ ಕರೆದದ್ದು ಅದೇ ಮೊದಲು. ಆ ಯಂತ್ರ ಅವಳಿಗೆ ಎಷ್ಟು ದೊಡ್ಡದು ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಅವಳು ಅದರ ಪಕ್ಕ ಕೂತು ನಿಟ್ಟುಸಿರು ಬಿಡುತ್ತಿರಲಿಲ್ಲ.

ಇನ್ನು ನನ್ನ ಮದುವೆಯ ವಿಷಯ. ಹೆಣ್ಣಿನ ಮನೆ ವಜ್ರಳ್ಳಿ. ಊಟ ಅವರದು, ಆದರೆ ಹಪ್ಪಳ ನನ್ನದು ಎಂದು ಗೋದತ್ತೆ ಹಟ ಹಿಡಿದಳು. ರಾಶಿ ಹಪ್ಪಳ, ದಿನ ಕಡಿಮೆ. ಅವಸರದಲ್ಲಿ ಅಡಿಯ ಪ್ಲಾಸ್ಟಿಕ್ ಹಾಳೆ ಹರಿಯಿತು. ಅತ್ತೆ ಕಲ್ಲಿಗೇ ಎಣ್ಣೆ ಸವರಿ, ಉಂಡೆಗಳನ್ನು ನೇರ ಕಲ್ಲಿನ ಮೇಲಿಟ್ಟು ಒಂದೇ ಸಲಕ್ಕೆ ಒತ್ತಿ ಮುಗಿಸಿದಳು. ಉದ್ದುದ್ದ ಹಪ್ಪಳ. ಮೈಮೇಲೆ ಅಲ್ಲಲ್ಲಿ ಕಪ್ಪು. ಜೀರಿಗೆ ಇರಬೇಕು ಎಂದುಕೊಂಡು ಒಣಗಿಸಿ ಡಬ್ಬ ತುಂಬಿದರು.

ಮದುವೆಯ ದಿನ ಎಲೆಯ ತುದಿಗೆ ಹಪ್ಪಳ ಬಿತ್ತು. ನನ್ನ ಎದುರಿನ ಪಂಕ್ತಿಯಲ್ಲಿ ಕೂತ ಪುರೋಹಿತ ಭಟ್ಟರು ಅದನ್ನೆತ್ತಿ ಮುರಿಯಲು ಹೋದವರು ಕೈ ತಡೆದರು. ಕನ್ನಡಕ ಸರಿಮಾಡಿಕೊಂಡರು. "ಸ್ವರ್ಗಸ್ಥರಾದ..." ಎಂದು ಓದಿದರು.

ಪಕ್ಕದವರು ತಮ್ಮದನ್ನು ನೋಡಿಕೊಂಡರು. "ಎಂಗೆ 'ಸಕುಟುಂಬ' ಹೇಳಿ ಬೈಂದು" ಎಂದರು ಒಬ್ಬರು. ಇನ್ನೊಬ್ಬರಿಗೆ 'ತೀರ್ಥರೂಪ' ಬಂದಿತ್ತು. ಉಮ್ಮಚಗಿಯ ಒಬ್ಬ ಹಿರಿಯರು ಆಚೀಚೆಯವರ ಹಪ್ಪಳಗಳನ್ನೆಲ್ಲ ತರಿಸಿಕೊಂಡು, ಅನ್ನದ ರಾಶಿಯ ಪಕ್ಕ ಜೋಡಿಸಿ, ಪೂರ್ತಿ ಓದಿಯೇ ಬಿಟ್ಟರು. ಅದು ಯಾರದೋ ವೈಕುಂಠ ಸಮಾರಾಧನೆಯ ಕರೆಯೋಲೆ! ಮಾವನ ಅಪ್ಪ ಕಲ್ಲಚ್ಚಿನಲ್ಲಿ ಮಾಡಿದ ಕಟ್ಟಕಡೆಯ ಕೆಲಸ. ಆಮೇಲೆ ಕಲ್ಲು ಉಜ್ಜುವವರಿಲ್ಲದೆ ಮಸಿ ಅಲ್ಲಿಯೇ ಒಣಗಿ ಕೂತಿತ್ತು. ಅತ್ತೆಯ ಎಣ್ಣೆ ಅದನ್ನು ಎಬ್ಬಿಸಿತ್ತು. ಕಲ್ಲಿನ ಮೇಲೆ ತಿರುಗುಮುರುಗಾಗಿದ್ದಾಗ ಕೊಳೆ ಎಂದೇ ಕಂಡದ್ದು ಹಪ್ಪಳದ ಮೇಲೆ ನೆಟ್ಟಗಾಗಿ, ಕಾದ ಎಣ್ಣೆಯಲ್ಲಿ ಅರಳಿ, ಮುದುಕರಿಗೂ ಓದಲಿಕ್ಕೆ ಬರುವಷ್ಟು ದೊಡ್ಡದಾಗಿತ್ತು.

ನನ್ನ ಹೆಂಡತಿ ಎಂಬವಳು ಆಗಷ್ಟೇ ಹೆಂಡತಿಯಾಗಿದ್ದಳು, ಅವಳ ಮುಖ ಕೆಂಪಾಯಿತು. ಮಾಬ್ಲ ಮಾವನ ಮುಖ ಬಿಳಿಯಾಯಿತು. ಭಟ್ಟರು ಕಡೆಯ ಹಪ್ಪಳವನ್ನು ಇನ್ನೊಮ್ಮೆ ಓದಿ ತೀರ್ಪು ಕೊಟ್ಟರು: "ಕಡೆಗೆ 'ಭೋಜನಕ್ಕೆ ದಯಮಾಡಿಸಬೇಕು' ಹೇಳಿ ಇದ್ದಲ. ಅದೊಂದು ಇದ್ದ ಮೇಲೆ ಬಾಕಿದ್ದು ಎಂತ ಆದ್ರೆಂತು, ತಿನ್ನಕ್ಕು." ಪಂಕ್ತಿಯೆಲ್ಲ ಕರಕರ ಸದ್ದು ಮಾಡಿತು. ಹೀಗೆ ನನ್ನ ದಾಂಪತ್ಯ ಯಾರದೋ ವೈಕುಂಠದೊಂದಿಗೆ ಶುರುವಾದದ್ದು. ಇವತ್ತಿಗೂ ಮನೆಯಲ್ಲಿ ಜಗಳವಾದರೆ ಹೆಂಡತಿ ಈ ಲಕ್ಷಣವನ್ನು ಎತ್ತಿಯೇ ಎತ್ತುತ್ತಾಳೆ.

ನಮ್ಮ ಕಡೆ ಯಾವ ಮದುವೆಯಲ್ಲಾದರೂ ಪತ್ರಿಕೆಗೆ ಬರೆಯುವವರೊಬ್ಬರು ಪಂಕ್ತಿಯಲ್ಲಿ ಇದ್ದೇ ಇರುತ್ತಾರೆ. ಮುಂದಿನ ವಾರ 'ಅಪರೂಪದ ಶಿಲಾಮುದ್ರಣ ಯಂತ್ರ ಪತ್ತೆ' ಎಂದು ಸುದ್ದಿ ಬಂತು. ಪತ್ತೆಯಾಗಲು ಅದೇನು ಅರಬೈಲ್ ಘಟ್ಟದಲ್ಲಿ ತಪ್ಪಿಸಿಕೊಂಡಿತ್ತೇ? ಮಾವ ಮಾತ್ರ ಆ ತುಣುಕನ್ನು ಕತ್ತರಿಸಿ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದರು. ಅತ್ತೆ ಅಂದಿನಿಂದ ಕಲ್ಲಿನ ಮೇಲೆ ಬಾಳೆಲೆ ಹಾಸತೊಡಗಿದಳು. ಹಪ್ಪಳ ನಡೆದೇ ಇತ್ತು.

ಎರಡು ಸಾವಿರ ಇಸವಿ ದಾಟಿದ ಮೇಲೆ ಶಿರಸಿಗೆ ಪರಂಪರೆಯ ಗಾಳಿ ಬೀಸಿತು. ಮನೆಯ ಅಟ್ಟದಲ್ಲಿದ್ದದ್ದನ್ನೆಲ್ಲ ಗುಜರಿಗೆ ಹಾಕಿ ಮುಗಿಸಿದವರು ಸೇರಿ ಮುದ್ರಣ ಪರಂಪರೆಯ ರಕ್ಷಣೆಗೆ ಒಂದು ಸಮಿತಿ ಮಾಡಿದರು. ಅಧ್ಯಕ್ಷರಿದ್ದರು, ಗೌರವಾಧ್ಯಕ್ಷರಿದ್ದರು, ಕಾರ್ಯಾಧ್ಯಕ್ಷರಿದ್ದರು, ಉಪಾಧ್ಯಕ್ಷರಂತೂ ಬೆಂಚು ತುಂಬ ಇದ್ದರು. ಯಂತ್ರವೊಂದು ಇರಲಿಲ್ಲ. ಯಾರಿಗೋ ಆ ಹಳೆಯ ಸುದ್ದಿ ನೆನಪಾಯಿತು, ಯಾರಿಗೋ ಆ ಯಂತ್ರದ ಯಜಮಾನನ ಹೆಂಡತಿಯ ಸೋದರಳಿಯ ಯಲ್ಲಾಪುರದಲ್ಲಿ ಗುಮಾಸ್ತನಾಗಿರುವುದು ನೆನಪಾಯಿತು. ನಾನು ಸಹಕಾರ್ಯದರ್ಶಿಯಾದೆ. ಸಭೆಗೆ ಉಪ್ಪಿಟ್ಟು ಹೇಳುವುದೂ, ಉಳಿದರೆ ತಿನ್ನುವುದೂ ನನ್ನ ಜವಾಬ್ದಾರಿ.

ಅಧ್ಯಕ್ಷರು ನಿವೃತ್ತ ಪ್ರಾಂಶುಪಾಲರು, ನಾಲ್ಕು ಜನ ಕಂಡರೆ ಭಾಷಣದ ದನಿ ತಾನೇ ಬರುವ ಪೈಕಿ. ಅವರನ್ನು ಸಿದ್ದಾಪುರಕ್ಕೆ ಕರೆದುಕೊಂಡು ಹೋದೆ. ಹಲಸಿನ ಕಾಲ ಆಗಷ್ಟೇ ಮುಗಿದಿತ್ತು. ಯಂತ್ರ ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. ಅತ್ತೆ ಹಪ್ಪಳ ಕರಿದು ಬಡಿಸಿದಳು. ಅಧ್ಯಕ್ಷರು ಅದನ್ನು ಚಪ್ಪರಿಸುತ್ತಲೇ, ಇಂಥ ಅಮೂಲ್ಯ ಯಂತ್ರದಲ್ಲಿ ಹಪ್ಪಳ ಒತ್ತುವುದು ಅಕ್ಷರದ್ರೋಹ ಎಂದು ಕಣ್ಣೀರು ತಂದುಕೊಂಡರು. ಮತ್ತೆರಡು ಹಾಕಿಸಿಕೊಂಡರು.

ಮಾವ ಕರಗಿ ನೀರಾಗಿದ್ದರು. "ಅಪ್ಪನ ಹೆಸರು ಹಾಕ್ತ್ರಾ?" ಎಂದು ಮಗುವಿನ ಹಾಗೆ ಕೇಳಿದರು.

"ಶಿಲೆಯಲ್ಲಿ ಕೆತ್ತಿಸುತ್ತೇವೆ!" ಎಂದರು ಅಧ್ಯಕ್ಷರು.

ಅತ್ತೆ ಬಾಗಿಲಿಗೆ ಒರಗಿ ನಿಂತು ಎಲ್ಲ ಕೇಳಿದಳು. "ತುಕ್ಕು ಹಿಡ್ಕಂಡು ಬಿದ್ದಿತ್ತು, ಅಷ್ಟು ವರ್ಷ ಒಬ್ಬವೂ ಬಂದ್ವಿಲ್ಲೆ. ಈಗ ತಿರುಗ್ತಾ ಇದ್ದು ಹೇಳಿ ನಿಲ್ಸಲೆ ಬೈಂದ್ವನ ತಮಾ?" ಎಂದು ನನ್ನನ್ನು ಕೇಳಿದಳು. ನಾನು ಸಹಕಾರ್ಯದರ್ಶಿಗೆ ತಕ್ಕಂತೆ ಕೆಮ್ಮಿದೆ.

ಮನೆಯಲ್ಲಿ ಕೆಲವು ದಿನ ಮಾತು ಬಿಟ್ಟರಂತೆ ಇಬ್ಬರೂ. ಕಡೆಗೆ ಅತ್ತೆಯೇ ಸೋತಳು. ಅಪ್ಪನ ಹೆಸರು ಎಂದು ಮಾವ ಊಟ ಬಿಟ್ಟು ಕೂತಾಗ ಅವಳಿಗೆ ತಡೆಯಲಿಲ್ಲ. ಆದರೆ ಅಧ್ಯಕ್ಷರಿಂದ ಒಂದು ಮಾತು ತೆಗೆದುಕೊಂಡಳು. "ಒಯ್ಯಿ. ಹಲಸಿನ ಕಾಲ ಬಂದಾಗ ಎಂಗಕ್ಕೆ ಒತ್ತಲೆ ಬಿಡವು. ಹಿಟ್ಟು ತಗಂಡು ಎಂಗವೇ ಶಿರಸಿಗೆ ಬತ್ಯ."

"ತಾತ್ವಿಕವಾಗಿ ಒಪ್ಪಿಗೆ" ಎಂದರು ಅಧ್ಯಕ್ಷರು. ತಾತ್ವಿಕವಾಗಿ ಎಂದರೆ ಏನೆಂದು ಅತ್ತೆಗೆ ಗೊತ್ತಿರಲಿಲ್ಲ. ಒಪ್ಪಿಗೆ ಎಂಬುದು ಗೊತ್ತಿತ್ತು. ಯಂತ್ರ ಟೆಂಪೋ ಏರಿ ಶಿರಸಿಯ ಸಮಿತಿಯ ಕಟ್ಟಡ ಸೇರಿತು.

ಆಮೇಲೆ ಸಂರಕ್ಷಣೆ ಶುರುವಾಯಿತು. ಮೊದಲ ಸಭೆಯಲ್ಲಿ ಎಣ್ಣೆಯ ಜಿಡ್ಡನ್ನೆಲ್ಲ ಸೋಡಾ ಹಾಕಿ ತಿಕ್ಕಿ ತೆಗೆಯುವುದೆಂದು ತೀರ್ಮಾನವಾಯಿತು. ತಿಕ್ಕಿದರು. ಒಂದೇ ಮಳೆಗಾಲದಲ್ಲಿ ತುಕ್ಕು ಬಂತು. ಎರಡನೆಯ ಸಭೆಯಲ್ಲಿ ಬಣ್ಣದ ಚರ್ಚೆ. ಹಸಿರೋ ನೀಲಿಯೋ ಎಂದು ಎರಡು ಬಣಗಳಾಗಿ, ಒಬ್ಬ ಉಪಾಧ್ಯಕ್ಷರು ರಾಜೀನಾಮೆ ಕೊಟ್ಟು, ಚಹಾ ಬಂದ ಮೇಲೆ ವಾಪಸು ಪಡೆದು, ಕಡೆಗೆ ಚೌಕಟ್ಟಿಗೆ ಹಸಿರು, ಚಕ್ರಕ್ಕೆ ಕೆಂಪು ಎಂದಾಯಿತು. ಮೂರನೆಯ ಸಭೆಯಲ್ಲಿ, ಶಾಲೆಯ ಮಕ್ಕಳು ಬಂದು ಚಕ್ರ ತಿರುಗಿಸಿ ಕೈ ಸಿಕ್ಕಿಸಿಕೊಂಡರೆ ಯಾರು ಹೊಣೆ ಎಂಬ ಪ್ರಶ್ನೆ ಎದ್ದಿತು. ಚಕ್ರಕ್ಕೆ ವೆಲ್ಡಿಂಗ್ ಹೊಡೆಸಿದರು. ಅಧ್ಯಕ್ಷರು ಅತ್ತೆಗೆ ಕೊಟ್ಟ ಮಾತನ್ನು ನಾನು ನೆನಪಿಸಿದೆ. ಅದನ್ನು ತಾತ್ವಿಕವಾಗಿ ಗಮನಿಸಲಾಯಿತು.

ಉಳಿದದ್ದು ಕಲ್ಲು. ಎಣ್ಣೆ ಹೀರಿ ಕಲೆಯಾಗಿದೆ, ನೋಡಲು ಚೆನ್ನಾಗಿಲ್ಲ ಎಂದರು. ಅದನ್ನು ತೆಗೆದು ಆ ಜಾಗಕ್ಕೆ ಕನ್ನಡಿಯ ಹಾಗೆ ಹೊಳೆಯುವ ಕಪ್ಪು ಗ್ರಾನೈಟು ಕೂರಿಸಿ, ಅದರ ಮೇಲೆ ಹೆಸರುಗಳನ್ನು ಕೆತ್ತಿಸುವುದೆಂದಾಯಿತು. "ಕಲ್ಲೇ ಇಲ್ಲದಿದ್ದರೆ ಕಲ್ಲಚ್ಚು..." ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಉಪ್ಪಿಟ್ಟು ಬಂತು.

ಉದ್ಘಾಟನೆ ವೈಶಾಖದಲ್ಲಿ. ಬೆಂಗಳೂರಿನ ಮುಖ್ಯ ಅತಿಥಿಗಳಿಗೆ ಆಗ ಪುರುಸೊತ್ತು. ಹಲಸಿಗೂ ಆಗಲೇ ಕಾಲ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಗಲಿಗೆ ಶಾಲು ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಅಧ್ಯಕ್ಷರ ಭಾಷಣ ಹಂಪಿಯವರೆಗೆ ಬಂದಿತ್ತು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಗೋದತ್ತೆ ಬಂದಳು, ಅವಳ ಹಿಂದೆ ಶಾರದಕ್ಕ, ಅವಳ ಹಿಂದೆ ಕೇರಿಯ ಮತ್ತಿಬ್ಬರು ಹೆಂಗಸರು. ಎಲ್ಲರ ಕೈಯಲ್ಲೂ ಸ್ಟೀಲಿನ ಡಬ್ಬ. ನಸುಕಿಗೆದ್ದು ಕುಟ್ಟಿ, ಮೊದಲ ಬಸ್ಸು ಹತ್ತಿ ಬಂದಿದ್ದರು. ಹಲಸಿನ ಕಾಲ ಬಂದಿದೆ, ಮಾತು ಕೊಟ್ಟಿದ್ದಾರೆ, ಅವರ ಪಾಲಿಗೆ ಲೆಕ್ಕ ಸರಿ ಇತ್ತು.

ಮುಖ್ಯ ಅತಿಥಿಗಳಿಗೆ ವಿಷಯ ತಿಳಿದು ಭಾರಿ ಖುಷಿಯಾಯಿತು. "ಅದ್ಭುತ! ಯಂತ್ರ ನಡೆಯುವುದನ್ನೇ ನೋಡೋಣ!" ಎಂದು ಎದ್ದೇ ಬಂದರು. ಅಧ್ಯಕ್ಷರು ಏನೋ ಹೇಳಲು ಹೋದರು. ಅತ್ತೆ ಆಗಲೇ ಬಾಳೆಲೆ ಹಾಸಲು ಬಗ್ಗಿದವಳು ಗ್ರಾನೈಟು ನೋಡಿ ಕೈ ಹಿಂದೆಗೆದಳು. ನನ್ನ ಕಡೆ ನೋಡಿದಳು. ಆಮೇಲೆ ಕೆಂಪು ಚಕ್ರಕ್ಕೆ ಕೈ ಹಾಕಿ ತಿರುಗಿಸಿದಳು. ಅದು ಅಲ್ಲಾಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈ ಹಾಕಿದಳು. ಮುಖ್ಯ ಅತಿಥಿಗಳೂ ಒಂದು ಕೈ ಕೊಟ್ಟರು.

"ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ..." ಎಂದು ಅಧ್ಯಕ್ಷರು ಮೈಕಿನಲ್ಲಿ ಶುರು ಮಾಡಿದರು.

ಅತ್ತೆ ಬೆಸುಗೆಯ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಕಟ್ಟಿಹಾಕಿದ್ದ" ಎಂದಳು, ಅಷ್ಟೇ. ಅವಳ ಅಂಗೈಗೆ ಕೆಂಪು ಬಣ್ಣ ಹತ್ತಿತ್ತು.

ಆಗ ಮಾವ ಎದ್ದು ಬಂದರು. ಗ್ರಾನೈಟಿನ ಮೇಲೆ ಬಗ್ಗಿ ಓದತೊಡಗಿದರು. ಅಧ್ಯಕ್ಷರ ಹೆಸರಿತ್ತು, ಮುಖ್ಯ ಅತಿಥಿಗಳದಿತ್ತು, ಎಲ್ಲ ಉಪಾಧ್ಯಕ್ಷರದೂ, ಬಣ್ಣ ಕೊಟ್ಟವರದೂ, ಗ್ರಾನೈಟು ಕೊಟ್ಟವರದೂ ಇತ್ತು. ಕಡೆಯ ಸಾಲಿನವರೆಗೆ ಹೋಗಿ ಮತ್ತೆ ಮೇಲಿನಿಂದ ಓದಿದರು. ಮಾವನ ಅಪ್ಪ ಸಮಿತಿಗೆ ದೇಣಿಗೆ ಕೊಟ್ಟವರಲ್ಲವಲ್ಲ, ಹಾಗಾಗಿ ಅವರ ಹೆಸರು ಇರಲಿಲ್ಲ. ಮಾವ ನಂಬಲಾರದೆ ಅಕ್ಷರಗಳ ಮೇಲೆ ಕೈಯಾಡಿಸಿದರು.

"ಮುಟ್ಟಬ್ಯಾಡ್ರೀ ಅಜ್ಜಾರ, ಬಣ್ಣ ಇನ್ನಾ ಹಸೀ ಐತಿ" ಎಂದ ಕಾವಲುಗಾರ. ಮುಂಡಗೋಡದ ಕಡೆಯವನು, ಅವನ ತಪ್ಪೇನೂ ಇಲ್ಲ.

"ಅಪ್ಪನ ಕಲ್ಲು ಎಲ್ಲಿದ್ದು?" ಎಂದು ಮಾವ ಕೇಳಿದರು. ಅಧ್ಯಕ್ಷರಿಗೆ ಗೊತ್ತಿರಲಿಲ್ಲ, ಉಪಾಧ್ಯಕ್ಷರಿಗೆ ಯಾರಿಗೂ ಗೊತ್ತಿರಲಿಲ್ಲ. ಕಾವಲುಗಾರನಿಗೆ ಗೊತ್ತಿತ್ತು. "ಹಿತ್ತಲ ನಳದ ಕೆಳಗ ಐತ್ರೀ, ಪಾತ್ರಿ ತಿಕ್ಕಾಕ ಹಾಕ್ಯಾರ" ಎಂದ.

ನಾನೂ ಮಾವನೂ ಹಿತ್ತಲಿಗೆ ಹೋದೆವು. ಅಂದಿನ ಊಟದ ಹಂಡೆಯ ಅಡಿಯಿಂದ ಕಲ್ಲನ್ನು ಎಳೆದು, ಗೋಣಿಯಲ್ಲಿ ಸುತ್ತಿ, ಕಾವಲುಗಾರನ ಕೈಯನ್ನೂ ಕೂಡಿಸಿಕೊಂಡು ಬಸ್‌ಸ್ಟ್ಯಾಂಡಿಗೆ ತಂದೆವು. ಒಳಗೆ ಅಧ್ಯಕ್ಷರ ಭಾಷಣ ಹಂಪಿಯಿಂದ ಮುಂದೆ ಸಾಗಿತ್ತು. ನನ್ನ ಸಹಕಾರ್ಯದರ್ಶಿತನವನ್ನು ಉಪ್ಪಿಟ್ಟಿನ ಪಾತ್ರೆಗಳ ಪಕ್ಕದಲ್ಲಿಯೇ ಬಿಟ್ಟು ಬಂದೆ, ಯಾರೂ ತಂದುಕೊಡಲಿಲ್ಲ.

ಸಿದ್ದಾಪುರ ಮುಟ್ಟುವವರೆಗೆ ಅತ್ತೆ ನಡುನಡುವೆ ಡಬ್ಬದ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದಳು. ಹಿಟ್ಟಿಗೆ ಇನ್ನೂ ಹುಳಿ ಬಂದಿರಲಿಲ್ಲ, ಆದರೆ ಸಂಜೆಯಾಗುತ್ತ ಬಂದಿತ್ತು.

ಜಗಲಿಯಲ್ಲಿ ಕಲ್ಲನ್ನು ನೆಲಕ್ಕೆ ಹಾಕಿದೆವು. ಅತ್ತೆ ಅದನ್ನು ತೊಳೆದು, ಬಾಳೆಲೆ ಹಾಸಿ, ಉಂಡೆಗಳನ್ನಿಟ್ಟು, ಮೇಲೊಂದು ಎಲೆ ಮುಚ್ಚಿ, ಅದರ ಮೇಲೆ ಹಲಗೆಯಿಟ್ಟಳು. ಎಲ್ಲರೂ ಹಲಗೆಯನ್ನು ನೋಡುತ್ತ ನಿಂತರು. ಒತ್ತಲು ಭಾರ ಬೇಕಲ್ಲ.

ಮಾವ ಶಾಲು ತೆಗೆದು ಮೊಳೆಗೆ ಸಿಕ್ಕಿಸಿದರು. ಚಪ್ಪಲಿ ಬಿಟ್ಟು, ಕಾಲು ತೊಳೆದು ಬಂದು, ಇಸ್ತ್ರಿಯ ಅಂಗಿಯಲ್ಲೇ ಹಲಗೆ ಹತ್ತಿ ನಿಂತರು. ಹಲಗೆ ಒಂದು ಬದಿಗೆ ವಾಲಿತು. ಅತ್ತೆ ತಟ್ಟನೆ ಅವರ ಎರಡೂ ಕೈ ಹಿಡಿದಳು. ಕೇರಿಯ ಹೆಂಗಸರ ಎದುರಿಗೆ ಅವರಿಬ್ಬರು ಹಾಗೆ ಕೈ ಹಿಡಿದು ನಿಂತದ್ದನ್ನು ಅದುವರೆಗೆ ಯಾರೂ ಕಂಡವರಲ್ಲ. ಶಾರದಕ್ಕ ಸುಮ್ಮನೆ ಆಚೆ ನೋಡಿದಳು.

"ಸಾಕಾತನೇ?" ಎಂದು ಮಾವ ಸಣ್ಣ ದನಿಯಲ್ಲಿ ಕೇಳಿದರು.

ಅತ್ತೆ ಎಲೆಯ ಅಂಚು ಎತ್ತಿ ನೋಡಿದಳು. "ಇಲ್ಲೆ. ಅಡ್ಡಕ್ಕೆ ತಿರುಗಿ ಇನ್ನೊಂದ್ಸಲ ನಿಂತ್ಕಳಿ" ಎಂದಳು.